ಮೂವತ್ತಮೂರು, ಮೂವತ್ತೈದು

ರಘೂತ್ತಮನ ಕೊರಳಲ್ಲಿದ್ದ ಸ್ಟಾಪ್‌ವಾಚನ್ನು ಮುಖ್ಯ ರೆಫರಿ ಬಿಚ್ಚಿಸಿ ಮೇಜಿನ ಮೇಲೆ ಇಟ್ಟ. "ನಿಮ್ಮ ಮಗನ ಕಂಚಿನ ಪದಕ ತಡೆಹಿಡಿದಿದ್ದೇವೆ," ಎಂದ ಇಂಗ್ಲಿಷಿನಲ್ಲಿ. "ಗ್ಯಾಲರಿಯಿಂದ ನೀವು ಕೂಗುತ್ತಿದ್ದದ್ದು ಏನು?"

"ಹುರಿದುಂಬಿಸಿದೆ, ಅಷ್ಟೆ." ಗಂಟಲಿನಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

ಆಸ್ಟಿನ್‌ನಲ್ಲಿ ಹದಿನಾಲ್ಕು ದೇಶಗಳ ಈಜು ಸ್ಪರ್ಧೆ. ಪುರುಷರ ಇನ್ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಫೈನಲ್, ಅಂದರೆ ಐವತ್ತು ಮೀಟರ್ ಕೊಳದ ನಾಲ್ಕು ಲೆಂಗ್ತ್, ಮುಗಿದು ಅರ್ಧ ಗಂಟೆಯಾಗಿತ್ತು. ಹದಿನೆಂಟರ ಕುಶಾಲ್ ಕೂದಲೆಳೆಯ ಅಂತರದಲ್ಲಿ ಮೂರನೆಯವನಾಗಿ ಗೋಡೆ ಮುಟ್ಟಿದ್ದ. ಅವನು ತಲೆ ಒರೆಸಿಕೊಳ್ಳುವ ಮೊದಲೇ ನಾಲ್ಕನೆಯವನ ಕೋಚ್ ದೂರು ಬರೆದುಕೊಟ್ಟಿದ್ದ: ಗ್ಯಾಲರಿಯಲ್ಲಿ ಆ ಮನುಷ್ಯ ವಾಚು ನೋಡಿ ನೋಡಿ ಏನನ್ನೋ ಕೂಗುತ್ತಾನೆ, ಕೂಗಿದಾಗಲೆಲ್ಲ ಹುಡುಗ ವೇಗ ಹೆಚ್ಚಿಸುತ್ತಾನೆ. ಈಜುಗಾರನಿಗೆ ಹೊರಗಿನಿಂದ ವೇಗದ ಲೆಕ್ಕ ತಲುಪುವಂತಿಲ್ಲ. ತಲುಪಿದ್ದು ಸಾಬೀತಾದರೆ ಪದಕ ಹೋಯಿತು.

ದೂರು ಸುಳ್ಳಾಗಿದ್ದರೆ ರಘೂತ್ತಮ ಜಗಳಕ್ಕೇ ನಿಲ್ಲುತ್ತಿದ್ದ. ನಿಜವಾಗಿತ್ತು, ಅದಕ್ಕೇ ಕುರ್ಚಿ ಎಳೆದುಕೊಂಡು ಕೂತ.

2009ರಲ್ಲಿ ಹ್ಯೂಸ್ಟನ್‌ನ ಒಂದು ಪಾರ್ಕಿಂಗ್ ಲಾಟ್‌ನಲ್ಲಿ ಹೂಡಿದ ಉಪಾಯ ಅದು. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಕೈ ಎಳೆದಾಗಲೆಲ್ಲ ತಲೆ ನೀರಿನಿಂದ ಮೇಲೇಳುತ್ತದೆ, ಕಿವಿಗೆ ಒಂದು ಕ್ಷಣ ಹೊರಗಿನ ಸದ್ದು ಸಿಗುತ್ತದೆ. "ಹಿಂದಿನ ಲೆಂಗ್ತ್ ಎಷ್ಟು ಸೆಕೆಂಡ್ ಆಯ್ತು ಅಂತ ಕನ್ನಡದಲ್ಲಿ ಕೂಗ್ತೀನಿ ಕಣೋ," ಎಂದು ಹತ್ತು ವರ್ಷದ ಮಗನಿಗೆ ಹೇಳಿಕೊಟ್ಟಿದ್ದ. "ಕಮ್ಮಿ ಇದ್ರೆ ಹಾಗೇ ಹೋಗು, ಜಾಸ್ತಿ ಆದ್ರೆ ಜೋರು ಮಾಡು. ಇಲ್ಲಿ ಒಬ್ಬನಿಗೂ ಅರ್ಥ ಆಗಲ್ಲ ನೋಡು!" ಹುಡುಗ ಅಪ್ಪನ ಮುಖವನ್ನೇ ನೋಡುತ್ತ ತಲೆಯಾಡಿಸಿದ್ದ. ಅದು ತಪ್ಪೆಂದು ಆಗ ರಘೂತ್ತಮನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಿಡಲಾಗಲಿಲ್ಲ.

ಎಂಟು ವರ್ಷ. ಬೆಳಗಿನ ಜಾವ ಮನೆಯಿದ್ದ ಪ್ಲೇನೋದ ಪೂಲು, ಅಲ್ಲಿಂದಲೇ ಆಫೀಸು, ಶನಿವಾರ ಬಂತೆಂದರೆ ಮತ್ತೆ ಹೈವೇ. ಸೋಮವಾರದ ಮೀಟಿಂಗುಗಳಲ್ಲಿ ಸ್ವರ ಹೊರಡದೆ ಚೀಟಿ ಬರೆದು ತೋರಿಸುತ್ತಿದ್ದ. "ನಿಮ್ಮ ಗಂಟಲಿಗೆ ಹಾಕಿದ ಜೇನುತುಪ್ಪದಲ್ಲಿ ನಾವೇ ಒಂದು ಪೂಲ್ ತುಂಬಿಸಬಹುದಿತ್ತು," ಎಂದು ಹೆಂಡತಿ ಪದ್ಮಿನಿ ಗೊಣಗುತ್ತಿದ್ದಳು. ಪ್ರತಿ ರೇಸಿನ ಕೊನೆಗೂ ಅವನದು ಒಂದೇ ಪ್ರಶ್ನೆ: "ಕೇಳಿಸ್ತೇನೋ?" ಹೆಚ್ಚಾಗಿ ಇಂಗ್ಲಿಷಿನಲ್ಲೇ ಉತ್ತರಿಸುವ ಮಗ ಇದನ್ನು ಮಾತ್ರ ತಪ್ಪದೆ ಕನ್ನಡದಲ್ಲೇ ಹೇಳುತ್ತಿದ್ದ: "ಕೇಳಿಸ್ತು ಅಪ್ಪ."

ಕೇಳಿಸುತ್ತಿದ್ದದ್ದಂತೂ ಹೌದು. ಮೂವತ್ತಮೂರು ಎಂದರೂ ನುಗ್ಗುತ್ತಿದ್ದ, ಮೂವತ್ತೈದು ಎಂದರೂ ನುಗ್ಗುತ್ತಿದ್ದ. ಬಿಸಿರಕ್ತ, ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುತ್ತಾನೆ ಎಂದುಕೊಂಡಿದ್ದ ರಘೂತ್ತಮ. ಇವತ್ತು ಬೆಳಿಗ್ಗೆಯೂ ಅಷ್ಟೆ. ಐದೂ ಮುಕ್ಕಾಲಿಗೆ ಹೋಟೆಲಿನ ಲಾಬಿಗೆ ಬಾ ಎಂದಿದ್ದರೆ, ಐದಕ್ಕೇ ಬಂದು ಬ್ಯಾಗು ತಬ್ಬಿಕೊಂಡು ಸೋಫಾದಲ್ಲಿ ತೂಕಡಿಸುತ್ತಿದ್ದ. ಎಂಥ ಶ್ರದ್ಧೆ! ಅಂಥವನ ಪದಕವನ್ನು ಹೆತ್ತಪ್ಪನ ಬಾಯಿಯೇ ನುಂಗಿತಲ್ಲ.

ಬಾಗಿಲು ತೆರೆಯಿತು. ಬಿಳಿ ಅಂಗಿಯ ತೀರ್ಪುಗಾರ್ತಿಯೊಬ್ಬಳು ಒಳಬಂದಳು. ನಳಿನಿ, ಹ್ಯೂಸ್ಟನ್‌ನಲ್ಲಿ ಡಾಕ್ಟರು, ಮೂಲ ಮೈಸೂರು. ಇಡೀ ಕೊಳದ ಸುತ್ತ ಕನ್ನಡ ಬಲ್ಲ ತೀರ್ಪುಗಾರ್ತಿ ಒಬ್ಬಳೇ, ಅವಳನ್ನೂ ರೆಫರಿ ಹುಡುಕಿ ತೆಗೆದಿದ್ದ. ಲ್ಯಾಪ್‌ಟಾಪಿನಲ್ಲಿ ರೇಸಿನ ವಿಡಿಯೊ ಓಡಿತು. ನೀರಿನ ಸದ್ದು, ಜನರ ಗಲಾಟೆ, ಅದನ್ನೆಲ್ಲ ಸೀಳಿಕೊಂಡು ಬರುವ ತನ್ನದೇ ದನಿ. ನಳಿನಿ ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ: "ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ ಸರ್."

"ಬೇಡಮ್ಮ. ಇದ್ದಿದ್ದು ಇದ್ದ ಹಾಗೆ ಹೇಳ್ಬಿಡಿ. ನಂಗೂ ಸಾಕಾಗಿದೆ."

ಅವಳು ರೆಫರಿಯತ್ತ ತಿರುಗಿದಳು. ಮೊದಲು ಮೂವತ್ತು, ಆಮೇಲೆ ಮೂವತ್ತಮೂರು, ಕೊನೆಯ ಲೆಂಗ್ತಿನಲ್ಲಿ ಮೂವತ್ತೈದು ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ರೆಫರಿ ಟೈಮಿಂಗ್ ಹಾಳೆಯ ಮೇಲೆ ಬೆರಳಾಡಿಸಿದ. ಮೂರೂ ಸರಿಯಾಗಿ ಕೂತವು.

"ಇನ್ನು ಉಳಿದಿರುವುದು ಒಂದೇ," ಎಂದ ರೆಫರಿ. "ಹುಡುಗ ಈ ಲೆಕ್ಕ ಹಿಡಿದು ಈಜಿದನೇ? ಹೌದೆಂದರೆ ಪದಕವಿಲ್ಲ. ಅಪ್ಪ ಸುಮ್ಮನೆ ಕೂಗಿಕೊಂಡದ್ದಾದರೆ ನನಗೇನೂ ತಕರಾರಿಲ್ಲ."

ಕುಶಾಲ್ ಹೆಗಲ ಮೇಲೆ ಟವೆಲ್ ಹೊದ್ದು ಬಂದ. ಕಣ್ಣ ಸುತ್ತ ಗಾಗಲ್ಸಿನ ಗುರುತು ಇನ್ನೂ ಕೆಂಪಗಿತ್ತು. ಅಪ್ಪನ ದನಿ ಕೇಳಿಸಿತೇ ಎಂದು ರೆಫರಿ ಕೇಳಿದ.

ಯೆಸ್, ಎಂದ ಕುಶಾಲ್.

"ಏನೆಂದು ಕೂಗಿದರು?"

ಹುಡುಗ ಕಾಲ ಬೆರಳು ನೋಡುತ್ತ ನಿಂತ. ಕಿವಿಯ ತುದಿ ಕೆಂಪಾಯಿತು.

"ನಿಜ ಹೇಳ್ಬಿಡೋ," ಎಂದ ರಘೂತ್ತಮ. "ನನ್ನ ಮುಖ ನೋಡ್ಬೇಡ. ತಪ್ಪೆಲ್ಲ ನಂದು."

"ಬೇಡ ಅಪ್ಪ." ಹುಡುಗನ ದನಿ ಸಣ್ಣಗಾಯಿತು. "ನಿನಗೆ ಬೇಜಾರಾಗುತ್ತೆ."

"ಎಂಟು ವರ್ಷದ ಸುಸ್ತು ಕಣೋ. ಇನ್ನೇನು ಬೇಜಾರಾಗೋದಿದೆ? ಹೇಳು."

ನಳಿನಿ ಹತ್ತಿರ ಬಂದಳು. "ಹೆದರ್ಕೋಬೇಡ ಮರಿ. ಕೊನೇ ಲೆಂಗ್ತಲ್ಲಿ ಅಪ್ಪ ಮೂವತ್ತೈದು ಅಂದ್ರಲ್ಲ, ಅದು ಎಷ್ಟು?"

ಕುಶಾಲ್ ಅವಳತ್ತ ನೋಡಲಿಲ್ಲ, ರೆಫರಿಯತ್ತಲೂ ನೋಡಲಿಲ್ಲ.

"ಸಾರಿ ಅಪ್ಪ," ಎಂದ. "ಕನ್ನಡದಲ್ಲಿ ನಂಗೆ ಹತ್ತರ ತನಕ ಮಾತ್ರ ಬರುತ್ತೆ."