ತಕ್ಕದ್ದು

“...ಮೂರು ದಿನಗಳೊಳಗೆ ನ್ಯಾಯಾಧೀಶರ ಅನುಮತಿಯನ್ನು ಪಡೆಯತಕ್ಕದ್ದು” ಎಂದು ಜೊತೆಗಾರ ಮೂಲಪ್ರತಿಯಿಂದ ಗಟ್ಟಿಯಾಗಿ ಓದಿದ. ಕರಡು ತಿದ್ದುವಾಕೆಯ ಪೆನ್ಸಿಲು ನಿಂತುಬಿಟ್ಟಿತು. ಅವಳ ಮುಂದಿದ್ದ ಅಚ್ಚುಹಾಳೆಯಲ್ಲಿ ‘ಪಡೆಯಬಹುದು’ ಎಂದಿತ್ತು. ಇನ್ನೊಮ್ಮೆ ಓದಿಸಿದಳು. ಅವನು ಇನ್ನೊಮ್ಮೆಯೂ ‘ತಕ್ಕದ್ದು’ ಎಂದ.

ಸರ್ಕಾರಿ ಮುದ್ರಣಾಲಯದಲ್ಲಿ ಆಕೆಗೆ ಭೂತಗನ್ನಡಿ ಎಂದೇ ಹೆಸರು. ಒಬ್ಬರು ಓದುವುದು, ಒಬ್ಬರು ನೋಡುವುದು, ಹೀಗೆ ಇಪ್ಪತ್ತೆಂಟು ವರ್ಷದಿಂದ ಅವಳ ಕಣ್ಣು ತಪ್ಪಿಸಿ ಒಂದು ಕೊಂಬೂ ಹೊರಗೆ ಹೋಗಿರಲಿಲ್ಲ. ಮದುವೆಗೆ ಮುಂಚೆ ತಾನು ಬರೆದ ಪತ್ರವನ್ನು ತಿದ್ದಿ ವಾಪಸು ಕಳಿಸಿದ ಮಹಾತಾಯಿ ಈಕೆ ಎಂದು ಗಂಡ ಇವತ್ತಿಗೂ ಬಂದವರ ಮುಂದೆಲ್ಲ ಹೇಳಿ ನಗುತ್ತಾನೆ. ಈಗ ಮೇಜಿನ ಮೇಲಿದ್ದದ್ದು ಪ್ರೇಮಪತ್ರವಲ್ಲ, ಮಸೂದೆ. ಗುಪ್ತಚರ ಇಲಾಖೆಯವರು ಯಾರ ಫೋನಿಗೆ, ಯಾವಾಗ, ಯಾರನ್ನು ಕೇಳಿ ಕಿವಿಗೊಡಬೇಕು ಎಂದು ಹೇಳುವ ಹೊಸ ಕಾನೂನು. ಮರುದಿನ ಬೆಳಿಗ್ಗೆ ಅದು ಸದನಕ್ಕೆ ಹೋಗಬೇಕಿತ್ತು.

ಆ ಒಂದು ವಾಕ್ಯಕ್ಕಾಗಿ ಮಸೂದೆ ಸಿದ್ಧಪಡಿಸಿದ ಸಮಿತಿಯವರು ಹನ್ನೊಂದು ತಿಂಗಳು ಗುದ್ದಾಡಿದ್ದರು. ಬಾಂಬಿಟ್ಟವನು ನ್ಯಾಯಾಧೀಶರು ಸಿಗುವ ತನಕ ಕಾಯುತ್ತಾನೆಯೇ ಎಂದು ಪೊಲೀಸರು ಕೇಳಿದ್ದರು. ಹೇಳದೆ ಕೇಳದೆ ಮನೆಮಾತಿಗೆಲ್ಲ ಕಿವಿ ಹಚ್ಚಿದರೆ ಬದುಕುವುದು ಹೇಗೆ ಎಂದು ಉಳಿದವರು ಕೇಳಿದ್ದರು. ಎರಡೂ ಸುಳ್ಳಲ್ಲ. ಕೊನೆಗೆ, ತುರ್ತಿದ್ದರೆ ಕೂಡಲೇ ಆಲಿಸಬಹುದು, ಮೂರು ದಿನದೊಳಗೆ ಅನುಮತಿ ಪಡೆಯತಕ್ಕದ್ದು ಎಂದು ಎಲ್ಲರೂ ಮೂಲಪ್ರತಿಗೆ ಸಹಿ ಹಾಕಿದ್ದರು. ಪೊಲೀಸರ ಪಾಲಿಗೆ ಒಂದು ‘ಬಹುದು’, ಜನರ ಪಾಲಿಗೆ ಒಂದು ‘ತಕ್ಕದ್ದು’. ಈಗ ನೋಡಿದರೆ ಜನರ ಪಾಲಿನದು ಮಾಯ.

ಆಕೆ ಅಚ್ಚಿನ ಆದೇಶಕ್ಕೆ ಸಹಿ ಹಾಕದೆ ಸಚಿವಾಲಯಕ್ಕೆ ಫೋನ್ ಮಾಡಿಸಿದಳು. ಅರ್ಧ ಗಂಟೆಯಲ್ಲಿ ಉಪಕಾರ್ಯದರ್ಶಿಯೇ ಬಂದ. ತಕ್ಕದ್ದು ಹಳೇ ಕಾಲದ ಪದ, ಕಿವಿಗೆ ಒರಟು, ಅದಕ್ಕೇ ಭಾಷೆ ನಯ ಮಾಡಿದ್ದೇವೆ ಎಂದು ನಯವಾಗಿಯೇ ಹೇಳಿದ. ಆಕೆ ಆರನೆಯ ಪುಟ ತಿರುವಿ, ದಂಡ ಕಟ್ಟುವ ಕಡೆಯಲ್ಲಿ ಆ ಒರಟು ಪದ ಇನ್ನೂ ಹಾಗೇ ಇರುವುದನ್ನು ಬೆರಳಿಟ್ಟು ತೋರಿಸಿದಳು. ಅವನ ನಯ ಅಲ್ಲಿಗೆ ಮುಗಿಯಿತು. ಕಾಗದದ ಉಗ್ರಾಣದಲ್ಲಿ ಒಂದು ಜಾಗ ಖಾಲಿಯಿದೆ, ನಾಳೆಯೇ ನಿಮ್ಮನ್ನು ಅಲ್ಲಿಗೆ ಹಾಕಿಸುತ್ತೇನೆ ಎಂದ. ಉಗ್ರಾಣವೆಂದರೆ ಮೊಣಕಾಲುದ್ದ ಧೂಳು, ಆಕೆಗೆ ಉಬ್ಬಸ. ಹೋದ ವರ್ಷ ಒಂದು ವಾರ ಅಲ್ಲಿ ಕೆಲಸ ಮಾಡಿ ಆಸ್ಪತ್ರೆ ಸೇರಿದ್ದಳು. ಆ ಹೊತ್ತಿನಲ್ಲಿ ಅವಳನ್ನು ನೋಡಬೇಕಿತ್ತು. ಪೆನ್ಸಿಲು ಮಾತ್ರ ಕೆಳಗಿಡಲಿಲ್ಲ.

“ನಾನು ಕಾನೂನು ಓದಿದವಳಲ್ಲ ಸಾರ್. ಮೂಲದಲ್ಲಿ ಇರೋದು ಅಚ್ಚಲ್ಲಿ ಇರಬೇಕು, ಅಷ್ಟೇ ನನಗೆ ಗೊತ್ತಿರೋದು” ಎಂದಳು.

ಇಂಥ ಮಸೂದೆಯ ಕೊನೆಯ ಕರಡಿಗೆ ಸಂಬಂಧಪಟ್ಟ ಇಲಾಖೆಯ ಮುಖ್ಯಸ್ಥರ ಸಹಿಯೂ ಬೇಕು. ಉಪಕಾರ್ಯದರ್ಶಿ ಗುಪ್ತಚರ ಇಲಾಖೆಯ ಮುಖ್ಯಸ್ಥರನ್ನೇ ಕರೆಸಿದ. ಅವರೇ ಒಪ್ಪಿಕೊಂಡರೆ ಇವಳದೇನು ನಡೆಯುತ್ತದೆ ಎಂಬ ಲೆಕ್ಕ. ಜೊತೆಗಾರ ಮೂಲಪ್ರತಿಯನ್ನು ಎದೆಗವಚಿಕೊಂಡು ಮೂಲೆಗೆ ಸರಿದ. ಊರಿನ ಗುಟ್ಟೆಲ್ಲ ಬಲ್ಲ ಮನುಷ್ಯ ಹೇಗಿರುತ್ತಾನೋ ಎಂದು ಆಕೆ ಅಂಜಿಕೊಂಡು ಕೂತಿದ್ದರೆ, ಬಂದವರು ಕನ್ನಡಕಕ್ಕಾಗಿ ಎಲ್ಲಾ ಜೇಬು ತಡಕಾಡುವ ಒಬ್ಬ ಕುಳ್ಳ ಮುದುಕರು. ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿದ್ದವು. ಭೂತಗನ್ನಡಿಯ ಕಣ್ಣು, ಭಯದಲ್ಲೂ, ಮೊದಲು ಹೋದದ್ದು ಅಲ್ಲಿಗೇ.

ಅವರು ಎರಡೂ ಪ್ರತಿ ತರಿಸಿಕೊಂಡು ನಿಂತೇ ಓದಿದರು. ಆಮೇಲೆ ಅವಳ ಪೆನ್ಸಿಲು ಕೇಳಿ ಪಡೆದು, ‘ಬಹುದು’ ಹೊಡೆದು, ಪಕ್ಕದಲ್ಲಿ ‘ತಕ್ಕದ್ದು’ ಎಂದು ಬರೆದು, ಕೆಳಗೆ ಪೆನ್ನಿನಿಂದ ಸಹಿ ಹಾಕಿದರು. ಇನ್ನೂ ಏನಾದರೂ ತಪ್ಪು ಉಳಿದಿದೆಯೇ ಎಂದು ಕೇಳಿದರು.

“ಇನ್ನೊಂದಿದೆ ಸಾರ್” ಎಂದು ಆಕೆ ಹಿಂಜರಿಯುತ್ತಲೇ ಹೇಳಿದಳು. “ನಿಮ್ಮ ಅಂಗಿ ಗುಂಡಿ.”

ಅವರು ತಲೆ ಬಗ್ಗಿಸಿ ನೋಡಿಕೊಂಡರು. ಬೆಳಗಿನಿಂದ ಮೂರು ಸಭೆ ಆಗಿದೆ, ಒಬ್ಬರೂ ಹೇಳಲಿಲ್ಲ ನೋಡಿ ಎಂದು ನಕ್ಕು, ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿಕೊಳ್ಳತೊಡಗಿದರು. ಜೊತೆಗಾರ ಉಗ್ರಾಣದ ಬೆದರಿಕೆಯನ್ನು ಮೂಲೆಯಿಂದಲೇ ಅವರ ಕಿವಿಗೆ ಹಾಕಿದ. ಇಂಥ ಕಣ್ಣು ಉಗ್ರಾಣದ ಧೂಳಿಗಲ್ಲ, ಈಕೆ ಇಲ್ಲೇ ಇರಲಿ ಎಂದು ಮುದ್ರಣಾಲಯದ ಮೇಲಧಿಕಾರಿಗೂ ಹೇಳಿ ಕಳಿಸಿದರು. ಇಷ್ಟು ವರ್ಷದಲ್ಲಿ ತಪ್ಪು ತೋರಿಸಿದ್ದಕ್ಕೆ ಅವಳನ್ನು ಬೈದವರುಂಟು, ಹೀಗೆ ಹೊಗಳಿದವರಿರಲಿಲ್ಲ.

ಉಪಕಾರ್ಯದರ್ಶಿಗೆ ತಡೆಯಲಾಗಲಿಲ್ಲ. ಇದನ್ನೆಲ್ಲ ಮಾಡಿದ್ದು ನಿಮ್ಮ ಅನುಕೂಲಕ್ಕೇ ಅಲ್ಲವೇ, ನಿಮ್ಮ ಕೈ ನೀವೇ ಕಟ್ಟಿಕೊಳ್ಳುತ್ತಿದ್ದೀರಲ್ಲ ಎಂದ. ಮುಖ್ಯಸ್ಥರು ಕೊನೆಯ ಗುಂಡಿ ಹಾಕಿಕೊಂಡು ತಲೆಯೆತ್ತಿದರು.

“ನಾಳೆ ದೊಡ್ಡವರೊಬ್ಬರು ಫೋನ್ ಮಾಡಿ, ಅವರಿಗಾಗದವರ ಫೋನಿನ ಮಾತು ಕೇಳಿಸ್ಕೋ ಅಂತಾರೆ. ಹಿಂದೆಯೂ ಅಂದಿದ್ದಾರೆ, ನಾನು ಕೇಳಿಸ್ಕೊಂಡಿದ್ದೀನಿ. ಇಲ್ಲಿ ತಕ್ಕದ್ದು ಅಂತ ಇದ್ರೆ, ನಾನು ಆಗಲ್ಲ ಅನ್ನಬಹುದು.”