ಸುತ್ತುಬಳಸಿನ ದಾರಿ

ರಾಜ್ಯ ಹೆದ್ದಾರಿಯ ಚರಿತ್ರೆ ಬರೆಯಲು ಹೊರಟ ಇಂಜಿನಿಯರಿಗೆ ಹಳೆಯ ಮೈಲಿಗಲ್ಲು ಒಂದಾದರೂ ಸಿಗಲೇಬೇಕಿತ್ತು. ರಸ್ತೆ ಮೊದಲು ಯಾವ ಊರಿನ ಮೇಲೆ ಹಾದುಹೋಗುತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿಯಿರಲಿಲ್ಲ. ವರದಿ ಕೊಡಲು ಉಳಿದಿದ್ದುದು ಒಂದೇ ದಿನ. ಊರಾಚೆಯ ಗುಡಿಯ ಪೂಜಾರಿಯನ್ನು ಕೇಳಿದರು.

“ಕಳೆದದ್ದು ಸಿಗಬೇಕಾದರೆ ನಮ್ಮ ಸ್ವಾಮಿಗೆ ನಲವತ್ತೊಂದು ಸುತ್ತು ಹಾಕಿ ಸಾರ್.”

“ಅಷ್ಟೊಂದಾ? ಇಪ್ಪತ್ತೊಂದು ಸಾಲದಾ?”

“ನಾನು ಮಾಡಿದ್ದಲ್ಲ, ನಮ್ಮಜ್ಜನ ಕಾಲದಿಂದ ಹಾಗೇ ಇದೆ. ಒಂದು ಕಮ್ಮಿಯಾದರೂ ಸ್ವಾಮಿ ಒಪ್ಪಲ್ಲ. ಶೂ ಬಿಚ್ಚಿಡಿ.”

ಬಿಸಿಲಿಗೆ ಕಾದ ಚಪ್ಪಡಿಗಳ ಮೇಲೆ ಇಂಜಿನಿಯರು ಕುಣಿಯುತ್ತಲೇ ಸುತ್ತಿದರು. ಮೂವತ್ತರ ಹೊತ್ತಿಗೆ ತಲೆ ತಿರುಗಿ ಕಂಬ ಹಿಡಿದುಕೊಂಡರು.

“ಎಷ್ಟಾಯ್ತು?”

“ಮರೆತರೆ ಮೊದಲಿಂದ ಶುರುಮಾಡಬೇಕು ಸಾರ್.”

ಅಂತೂ ಮುಗಿಯಿತು. ಪೂಜಾರಿ ಸಂತೋಷದಿಂದ ದೇವರ ಮೇಲೆ ಒಂದು ಕೊಡ ನೀರು ಸುರಿದ. ಅರಿಶಿನ ಕುಂಕುಮ ಇಳಿದುಹೋಗಿ, ಗುಂಡುತಲೆಯ ಕಲ್ಲಿನ ಎದೆಯ ಮೇಲೆ ಅಕ್ಷರಗಳು ಕಂಡವು: ‘ಕಡಬಗಟ್ಟೆ ೪೧ ಮೈಲಿ’.

ಇಂಜಿನಿಯರು ಕಲ್ಲಿನ ಮುಂದೆ ಮಂಡಿಯೂರಿ ಡೈರಿ ತೆಗೆದರು.

“ಪುಣ್ಯ ಮಾಡಿದ್ರಿ ಸಾರ್,” ಎಂದ ಪೂಜಾರಿ. “ಪಕ್ಕದೂರಿನ ಸ್ವಾಮಿಗಾದರೆ ನಲವತ್ತೆರಡು.”