ಕೂಗುವ ದಿನ

"ನೀವೇ ಕೂಗಿಬಿಡ್ರೀ, ನನ್ನ ಕೈಲಾಗಲ್ಲ," ಎಂದು ತರಕಾರಿ ಅಂಗಡಿಯವಳು ಗಂಡನ ತೋಳು ಹಿಡಿದು ಎಳೆದಳು. ಮಾತು ಗಂಟಲಿನಿಂದ ಬರಲಿಲ್ಲ, ತುಟಿಯಿಂದಷ್ಟೇ ಬಂತು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಬರೀ ಪಿಸುದನಿ. ಒಂದು ಕಾಲಕ್ಕೆ ಅವಳು ಮಾರುಕಟ್ಟೆಯ ಈ ತುದಿಯಲ್ಲಿ ನಿಂತು "ಟೊಮ್ಯಾಟೋ!" ಎಂದರೆ ಆ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು.

"ನಾನು ಕೂಗಿದ್ರೆ ಮಗರಾಯ ಸುಮ್ನೆ ಬಿಡ್ತಾನಾ? ಅಮ್ಮನೇ ಕೂಗೋದು ಅಂತ ಹೆಡ್ ಮೇಷ್ಟ್ರಿಗೆ ಹೇಳಿ ಬಂದಿದ್ದಾನೆ," ಎಂದ ಬಸ್ ಡ್ರೈವರ್ ಗಂಡ. "ಮೈಕ್ ಇದೆಯಲ್ಲ, ಬಾಯಿಗೆ ಅಂಟಿಸ್ಕೊಂಡು ಹೇಳು, ಮುಗೀತು."

ಮುಗೀತಂತೆ! ದಿನವಿಡೀ ಹಾರ್ನ್ ಒತ್ತುವವನಿಗೇನು ಗೊತ್ತು ದನಿ ಇಲ್ಲದವರ ಕಷ್ಟ.

ಗಂಡುಹುಡುಗರ ಆ ಶಾಲೆಯಲ್ಲಿ ಓದು ಮುಗಿಸಿ ಹೊರಡುವವರನ್ನು ಬೀಳ್ಕೊಡುವ ಪದ್ಧತಿಯೇ ಹಾಗೆ. ಮನೆಯವರೊಬ್ಬರು ವೇದಿಕೆ ಹತ್ತಿ, ಹುಡುಗನನ್ನು ಮನೆಯಲ್ಲಿ ಮುದ್ದಿನಿಂದ ಕರೆಯುವ ಹೆಸರಿನಿಂದ ಕೂಗಬೇಕು. ಅವರು ಕೂಗಿದ್ದನ್ನು ಇಡೀ ಸಭಾಂಗಣ ಅದೇ ಧಾಟಿಯಲ್ಲಿ ತಿರುಗಿ ಕೂಗುತ್ತದೆ. ಆಮೇಲೆ ಆ ಬಡಪಾಯಿ ಮುಖ ಮುಚ್ಚಿಕೊಂಡು ಮೇಲೆ ಬಂದು ಪದಕ ಹಾಕಿಸಿಕೊಳ್ಳಬೇಕು. ಹೆಡ್ ಮೇಷ್ಟ್ರು ಆಗಷ್ಟೇ ಭಾಷಣ ಮುಗಿಸಿದ್ದರು. ಶಾಲೆಯ ಛಾವಣಿ ಕುಸಿದ ಮೇಲೆ ಹಳೇ ಗೋದಾಮಿನಲ್ಲಿ ಮೂಟೆಗಳ ನಡುವೆ ಕೂತು ಓದಿದ ತರಗತಿ ಇದು, ಒಬ್ಬನೂ ಬಿಟ್ಟು ಹೋಗಲಿಲ್ಲ, ಒಬ್ಬನೂ ನಪಾಸಾಗಲಿಲ್ಲ ಎಂದು ಹೆಮ್ಮೆಯಿಂದ ಹೇಳಿದ್ದರು. ಆ ಹುಡುಗರಲ್ಲಿ ಇವಳ ಮಗನೂ ಒಬ್ಬ. ತಾಯಿ ಆಸ್ಪತ್ರೆಯಲ್ಲಿದ್ದಾಗ ಬೆಳಗ್ಗೆ ಅಂಗಡಿ ತೆರೆದು, ಅಡುಗೆ ಮಾಡಿಟ್ಟು, ಓಡುತ್ತಾ ಗೋದಾಮು ಸೇರುತ್ತಿದ್ದವನು. ಅಂಥ ಹುಡುಗ ಇವತ್ತು ತನ್ನ ಗಂಟಲಿನಿಂದಾಗಿ ಎಲ್ಲರೆದುರು ತಲೆ ತಗ್ಗಿಸುವಂತಾದರೆ?

ವೇದಿಕೆಯ ಮೇಲೆ ಅಜ್ಜನೊಬ್ಬ ಮೊಮ್ಮಗನನ್ನು ಕೂಗಲು ಹೋಗಿ ಕೆಮ್ಮಿಬಿಟ್ಟ. "ಡು... ಖೊಕ್ ಖೊಕ್... ಡುಮ್ಮಾ!"

ಅಷ್ಟೇ ಸಾಕಾಯಿತು. "ಡು... ಖೊಕ್ ಖೊಕ್... ಡುಮ್ಮಾ!" ಎಂದು ಸಭಾಂಗಣಕ್ಕೆ ಸಭಾಂಗಣವೇ ಕೆಮ್ಮಿತು. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. ತರಕಾರಿಯವಳು ಗಂಡನತ್ತ ತಿರುಗಿದಳು.

"ನೋಡಿದ್ರಾ? ಕೆಮ್ಮನ್ನೂ ಬಿಡಲ್ಲ ಈ ಕೋತಿಗಳು! ನನ್ನ ದನಿ ಕೇಳಿದ್ರೆ ಇನ್ನೇನು ಮಾಡ್ತಾವೋ!"

"ಹುಡುಗ್ರು ಕಣೇ. ತಮಾಷೆ ಮಾಡ್ದೆ ಇನ್ನೇನು ಮಾಡ್ತಾರೆ?"

ಮೊದಲ ಸಾಲಿನಿಂದ ಮಗ ತಿರುಗಿ ನೋಡಿದ. ಮುಖ ಪೆಚ್ಚಾಗಿತ್ತು. ಬೆಳಗ್ಗೆ ಅವನು, "ನಿನ್ನ ದಮ್ಮಯ್ಯ ಅಂತೀನಿ ಅಮ್ಮಾ, ಆ ಮನೆ ಹೆಸ್ರು ಮಾತ್ರ ಬೇಡ, ಶಾಲೇಲಿ ಕರೆಯೋ ಹೆಸ್ರೇ ಕೂಗು," ಎಂದು ಗೋಗರೆದಿದ್ದ. ಆಯಿತೆಂದು ತಲೆಯಾಡಿಸಿದ್ದಳು. ಈಗ ಆ ಪೆಚ್ಚುಮೋರೆ ನೋಡಿ, ಪಾಪ, ಅವನಿಗೂ ನನ್ನ ದನಿಯದೇ ಹೆದರಿಕೆ ಶುರುವಾಯಿತು ಎಂದುಕೊಂಡಳು. ಎದ್ದು ಹೋಗಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಹೆಡ್ ಮೇಷ್ಟ್ರು ಕೈ ಮಾಡಿ ಕರೆದೇಬಿಟ್ಟರು.

ವೇದಿಕೆ ಹತ್ತಿ ಮೈಕು ಕೈಗೆ ತೆಗೆದುಕೊಂಡಳು. ಮಗನ ಶಾಲೆಯ ಹೆಸರೋ, ಒತ್ತಕ್ಷರಗಳಿಂದ ತುಂಬಿದ ಗಟ್ಟಿ ಹೆಸರು. ಮೊದಲ ಅಕ್ಷರಕ್ಕೇ ಉಸಿರು ಕೈಕೊಟ್ಟಿತು. "ಹ್ಹ..." ಎಂದಷ್ಟೇ ಹೊರಟಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದ. "ಮೈಕ್ ಕೆಟ್ಟೋಯ್ತಾ?" ಎಂದ ಇನ್ನೊಬ್ಬ. ಅವಳು ಇನ್ನೊಮ್ಮೆ ಪ್ರಯತ್ನಿಸಿದಳು, ಮತ್ತೆ ಬರಿಯ ಗಾಳಿ. ಕಣ್ಣಲ್ಲಿ ನೀರು ತುಂಬಿತು. ಕಣ್ಣು ಮುಚ್ಚಿಕೊಂಡಳು. ಆಗ, ಯಾವ ಹೆಸರು ತುಟಿಗೆ ತೊಟ್ಟಿಲ ದಿನದಿಂದ ರೂಢಿಯಾಗಿತ್ತೋ ಅದು ತಾನಾಗಿಯೇ ಹೊರಗೆ ಬಂತು.

"ಗುಬ್ಬಚ್ಚೀ..."

ಒಣ ಎಲೆ ನೆಲಕ್ಕೆ ಉಜ್ಜಿದಂಥ ಸದ್ದು ಸಭಾಂಗಣದ ಮೂಲೆಮೂಲೆಗೂ ಹೋಯಿತು. ಆರಡಿ ಎತ್ತರದ ಮಗ ಕುರ್ಚಿಯಲ್ಲೇ ಕುಗ್ಗಿ ಹೋದ. ಅವಳು ಉಸಿರು ಬಿಗಿ ಹಿಡಿದು ನಿಂತಳು. ನಗು ಬರುತ್ತದೆ, ಈಗ ಬರುತ್ತದೆ, ಬಂದೇ ಬಿಟ್ಟಿತು.

"ಗುಬ್ಬಚ್ಚೀ..." ಎಂದಿತು ಸಭಾಂಗಣ.

ನಗುವಲ್ಲ. ಕೂಗೂ ಅಲ್ಲ. ಅಷ್ಟೂ ಹುಡುಗರು ಅವಳ ಹಾಗೆಯೇ, ತುಟಿಯಿಂದಷ್ಟೇ, ಬರಿಯ ಉಸಿರಿನಲ್ಲಿ ಕರೆದಿದ್ದರು. ಕಿಸಕ್ಕೆಂದವನ ದನಿಯೂ ಅದರಲ್ಲಿ ಸೇರಿತ್ತೇನೋ, ಯಾರಿಗೆ ಗೊತ್ತು. ಕೂಗಿದ್ದು ಹೇಗೋ ಹಾಗೆಯೇ ತಿರುಗಿ ಕೂಗಬೇಕು ಎನ್ನುವುದು ಪದ್ಧತಿ, ಅವರು ತಪ್ಪಿಸಲಿಲ್ಲ.

ಮಗ ದಡದಡ ಮೆಟ್ಟಿಲು ಹತ್ತಿ ಬಂದ. ಕಿವಿ ಕೆಂಪಗಾಗಿತ್ತು. ಬಗ್ಗಿ ಅವಳ ಕಿವಿಯಲ್ಲಿ ಹಲ್ಲು ಕಡಿಯುತ್ತಾ ಹೇಳಿದ. "ಏನಮ್ಮಾ ನೀನು! ಮಾನ ಕಳೆದ್ಬಿಟ್ಟೆ!"

ಅವಳು ಗಂಟಲು ಮುಟ್ಟಿ ತೋರಿಸಿದಳು.

"ಅದಕ್ಕೇನಾಗಿದೆ? ಅದಲ್ಲಮ್ಮಾ! ಆ ಹೆಸ್ರು ಬೇಡ ಅಂತ ಅಷ್ಟು ಬಡ್ಕೊಂಡೆ. ಇನ್ನು ನಾನು ಮುದುಕನಾದ್ರೂ ಇವ್ರೆಲ್ಲ ನನ್ನ ಗುಬ್ಬಚ್ಚಿ ಅಂತಾನೇ ಕರೀತಾರೆ!"

ಅವಳು ಅವನನ್ನೇ ನೋಡಿದಳು. ಇಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರು ಒಮ್ಮೆಲೇ ಸಡಿಲಾಯಿತು. ಮೈಕು ಇನ್ನೂ ಗಲ್ಲದ ಹತ್ತಿರವೇ ಇದೆಯೆನ್ನುವುದು ಅವಳಿಗೆ ಮರೆತೇ ಹೋಗಿತ್ತು.

"ಕರೀಲಿ ಬಿಡೋ," ಎಂದಳು.

"ಕರೀಲಿ ಬಿಡೋ..." ಎಂದಿತು ಇಡೀ ಸಭಾಂಗಣ, ಅಷ್ಟೇ ಮೆಲ್ಲಗೆ.